ಔಷಧಿ ಹೊಡೆಯುವ ವಿಮಾನ, ಡ್ರೋನ್‌ಗಳು ನೆಲ ಬಿಡುವಾಗಲೇ ಏಕೆ ಬೀಳುತ್ತವೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಹೊಲಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವ ಕೆಲಸಕ್ಕೆ ಈಗ ಡ್ರೋನ್‌ಗಳು ಬರತೊಡಗಿವೆ. ಮೆಣಸಿನಕಾಯಿ, ಹತ್ತಿ, ಗೋವಿನಜೋಳ, ಕಡಲೆ, ಬೆಳೆ ಯಾವುದೇ ಇರಲಿ, ಡ್ರೋನ್ ಬಂತೆಂದರೆ ಹೊಲದ ಬದುವಿನ ಮೇಲೆ ನಾಲ್ಕು ಜನ ಸೇರುತ್ತಾರೆ. ಎಲ್ಲರೂ ಹತ್ತಿರ ನಿಂತು ನೋಡುವುದು ಅದು ಏಳುವ ಕ್ಷಣವನ್ನು. ಹಾರುವ ಯಂತ್ರಕ್ಕೆ ಅತಿ ಕಷ್ಟದ ಕ್ಷಣಗಳಲ್ಲಿ ಅದೂ ಒಂದು.

ಈ ಬಗ್ಗೆ ಜನರಲ್ಲಿ ಮೂರು ನಂಬಿಕೆಗಳಿವೆ. ಒಂದು, 'ಎತ್ತರಕ್ಕೆ ಹೋದಷ್ಟೂ ಅಪಾಯ, ನೆಲದ ಹತ್ತಿರ ಇದ್ದರೆ ಭಯವಿಲ್ಲ'. ಎರಡು, 'ಬಿಸಿಲೇರಿದರೆ ಗಾಳಿ ಮೇಲಕ್ಕೆ ಏಳುತ್ತದೆ, ಯಂತ್ರವೂ ಸಲೀಸಾಗಿ ಏಳುತ್ತದೆ'. ಮೂರು, 'ಡ್ರೋನ್ ಕಂಪ್ಯೂಟರ್ ಮೇಲೆ ನಡೆಯುತ್ತದೆ, ಎಲ್ಲವನ್ನೂ ಅದೇ ಸಂಭಾಳಿಸಿಕೊಳ್ಳುತ್ತದೆ'. ಈ ಮೂರೂ ತಪ್ಪು. ಏಕೆ ತಪ್ಪು ಎಂಬುದನ್ನು ಔಷಧಿ ಹೊಡೆಯುವ ವಿಮಾನಗಳ ನೂರು ವರ್ಷದ ಅನುಭವದಿಂದ ತಿಳಿಯಬಹುದು. ಬನ್ನಿ, ಒಂದೊಂದಾಗಿ ನೋಡೋಣ.

ವಿಮಾನದಿಂದ ಡ್ರೋನ್‌ವರೆಗೆ

ವಿಮಾನದಿಂದ ಕೀಟನಾಶಕ ಉದುರಿಸುವ ಮೊದಲ ಪ್ರಯೋಗ ನಡೆದಿದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಎಂಬಲ್ಲಿ. ಸೇನೆಯ ಪೈಲಟ್ ಜಾನ್ ಮೆಕ್ರೆಡಿ ಅವರು ಕಟಾಲ್ಪಾ ಮರಗಳನ್ನು ತಿನ್ನುತ್ತಿದ್ದ ಹುಳುಗಳ ಮೇಲೆ ಸೀಸದ ಆರ್ಸೆನೇಟ್ ಪುಡಿ ಉದುರಿಸಿದರು. ಆಗ ಬಳಸಿದ್ದು ಸೇನೆಯ ತರಬೇತಿ ವಿಮಾನ. ಮುಂದೆ ಬಹಳ ವರ್ಷ ಇದೇ ನಡೆಯಿತು. ಬೇರೆ ಕೆಲಸಕ್ಕೆ ಮಾಡಿದ ವಿಮಾನಕ್ಕೆ ಔಷಧಿಯ ತೊಟ್ಟಿ ಕೂರಿಸಿ ಹಾರಿಸುತ್ತಿದ್ದರು.

ಈ ಕೆಲಸಕ್ಕೆಂದೇ ಮೊದಲಿನಿಂದ ಹೊಸದಾಗಿ ವಿನ್ಯಾಸ ಮಾಡಿದ ಎಜಿ-1 ವಿಮಾನ 1950ರ ಡಿಸೆಂಬರ್‌ನಲ್ಲಿ ಹಾರಿತು. ಅದರ ಹಿಂದಿದ್ದವರು ಫ್ರೆಡ್ ವೈಕ್ ಎಂಬ ಎಂಜಿನಿಯರ್. ವಿಮಾನ ಒಂದಲ್ಲ ಒಂದು ದಿನ ಬೀಳಬಹುದು, ಬಿದ್ದಾಗ ಪೈಲಟ್ ಬದುಕಬೇಕು ಎಂಬುದು ಅವರ ವಿನ್ಯಾಸದ ಆಧಾರ. ಅದಕ್ಕೇ ಪೈಲಟ್‌ನನ್ನು ಎತ್ತರದಲ್ಲಿ, ಹಿಂದೆ ಕೂರಿಸಿದರು. ಮುಂದಿನ ಭಾಗ ನುಜ್ಜುಗುಜ್ಜಾಗಿ ಪೆಟ್ಟನ್ನು ಹೀರಿಕೊಳ್ಳುತ್ತದೆ. ಇಂದಿಗೂ ಕೃಷಿ ವಿಮಾನಗಳ ಗೂನುಬೆನ್ನಿನ ಆಕಾರಕ್ಕೆ ಇದೇ ಕಾರಣ.

ನಮ್ಮಲ್ಲೂ ಅಂಥ ವಿಮಾನ ತಯಾರಾಗಿದೆ. ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಎಚ್‌ಎ-31 'ಬಸಂತ್' 1972ರ ಮಾರ್ಚ್ 30ರಂದು ಮೊದಲ ಬಾರಿ ಹಾರಿತು. 400 ಅಶ್ವಶಕ್ತಿಯ ಎಂಜಿನ್, ಎತ್ತರದಲ್ಲಿ ಕೂತ ಪೈಲಟ್. 1980ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 39 ಬಸಂತ್‌ಗಳು ತಯಾರಾಗಿದ್ದವು.

ಗದಗದವರಿಗೆ ಇನ್ನೊಂದು ವಿಮಾನದ ನೆನಪಿರಬಹುದು. 2017ರಲ್ಲಿ ರಾಜ್ಯ ಸರ್ಕಾರದ 'ವರ್ಷಧಾರಿ' ಮೋಡ ಬಿತ್ತನೆ ಯೋಜನೆಗೆ ಬೆಂಗಳೂರು, ಸುರಪುರದ ಜೊತೆ ಗದಗದಲ್ಲೂ ರೇಡಾರ್ ಇಟ್ಟಿದ್ದರು. ಅದು ಬೇರೆ, ಇದು ಬೇರೆ. ಮೋಡ ಬಿತ್ತುವ ವಿಮಾನ ಹೊಲದ ಮೇಲೆ ಏನನ್ನೂ ಸಿಂಪಡಿಸುವುದಿಲ್ಲ. ನಿಜವಾದ ವಿಮಾನ ನಿಲ್ದಾಣದಿಂದ ಎದ್ದು ಮೋಡದ ಎತ್ತರಕ್ಕೆ ಹೋಗುತ್ತದೆ. ಔಷಧಿ ಹೊಡೆಯುವ ಯಂತ್ರ ಏಳುವುದು ಹೊಲದ ಪಕ್ಕದಿಂದ, ಹಾರುವುದು ಬೆಳೆಯ ನೆತ್ತಿ ಸವರುವಂತೆ.

2021ರ ಆಗಸ್ಟ್‌ನಲ್ಲಿ ಡ್ರೋನ್ ನಿಯಮಗಳು ಬಂದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್‌ನಿಂದ ಔಷಧಿ ಸಿಂಪಡಿಸುವ ಕ್ರಮವನ್ನು ಪ್ರಕಟಿಸಿತು. 2023ರ ನವೆಂಬರ್‌ನಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ 'ನಮೋ ಡ್ರೋನ್ ದೀದಿ' ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹೀಗೆ ಕೃಷಿ ವಿಮಾನದ ಕೆಲಸ ಹಳ್ಳಿಯ ಹೆಣ್ಣುಮಕ್ಕಳ, ಯುವಕರ ಕೈಗೆ ಬಂದಿದೆ. ಅದರ ಜೊತೆಗೆ ಆ ವಿಮಾನದ ಅಪಾಯಗಳೂ ಚಿಕ್ಕ ಗಾತ್ರದಲ್ಲಿ ಬಂದಿವೆ.

ಏಳುವ ಕ್ಷಣವೇ ಏಕೆ ಕಷ್ಟ?

ಔಷಧಿ ಹೊಡೆಯುವ ವಿಮಾನಗಳಿಗೆ ವಿದ್ಯುತ್ ತಂತಿ ದೊಡ್ಡ ಶತ್ರು, ಇದು ಎಲ್ಲರಿಗೂ ಗೊತ್ತು. ಏಳುವಾಗಿನ ಅಪಾಯದ ಬಗ್ಗೆ ಮಾತು ಕಡಿಮೆ. ಅದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು ಎಣಿಕೆ. ಪ್ರಯಾಣಿಕರ ವಿಮಾನದ ಪೈಲಟ್ ದಿನಕ್ಕೆ ಕೆಲವೇ ಬಾರಿ ವಿಮಾನ ಏಳಿಸುತ್ತಾನೆ. ಕೃಷಿ ವಿಮಾನ ತೊಟ್ಟಿ ಖಾಲಿಯಾದಂತೆಲ್ಲ ಇಳಿಯಬೇಕು, ತುಂಬಿಕೊಂಡು ಮತ್ತೆ ಏಳಬೇಕು. ಹತ್ತು ಲೀಟರ್ ತೊಟ್ಟಿಯ ಡ್ರೋನ್ ಒಂದು ಸಲಕ್ಕೆ ಸುಮಾರು ಒಂದು ಎಕರೆ ಮುಗಿಸುತ್ತದೆ. ದಿನಕ್ಕೆ 20 ಎಕರೆ ಎಂದರೆ 20 ಬಾರಿ ಏಳಬೇಕು. ಎರಡನೆಯದು ಭಾರ. ಇಡೀ ಹಾರಾಟದಲ್ಲಿ ಯಂತ್ರ ಅತಿ ಭಾರವಾಗಿರುವುದು ಏಳುವಾಗಲೇ. ಮೂರನೆಯದು ವೇಗ. ವಿಮಾನಕ್ಕೆ ಆಗ ವೇಗ ಅತಿ ಕಡಿಮೆ. ನಾಲ್ಕನೆಯದು ಎತ್ತರ, ಅಥವಾ ಎತ್ತರ ಇಲ್ಲದಿರುವುದು. ಸಾವಿರ ಅಡಿ ಮೇಲೆ ಎಂಜಿನ್ ಕೆಟ್ಟರೆ ತೇಲುತ್ತ ಬಂದು ಇಳಿಯಲು ಜಾಗ ಹುಡುಕಬಹುದು. ಐವತ್ತು ಅಡಿಯಲ್ಲಿ ಕೆಟ್ಟರೆ ಯೋಚಿಸಲು ಕೆಲವೇ ಸೆಕೆಂಡ್ ಸಿಗುತ್ತವೆ.

ಆದ್ದರಿಂದ 'ನೆಲದ ಹತ್ತಿರ ಭಯವಿಲ್ಲ' ಎಂಬ ಮೊದಲ ನಂಬಿಕೆ ತಲೆಕೆಳಗಾಗಿದೆ. ಹಾರುವ ಯಂತ್ರಕ್ಕೆ ಎತ್ತರವೇ ಉಳಿತಾಯದ ದುಡ್ಡು. ಏಳುವಾಗ ಅದರ ಕೈ ಖಾಲಿ ಇರುತ್ತದೆ.

ಹೊರೆಯ ಲೆಕ್ಕ

ಬಸಂತ್ ವಿಮಾನದ ಖಾಲಿ ತೂಕ ಸುಮಾರು 1,200 ಕಿಲೊ. ಇಂಧನ, ಪೈಲಟ್, ಔಷಧಿ ಎಲ್ಲ ಸೇರಿ ಏಳಬಹುದಾದ ಗರಿಷ್ಠ ತೂಕ ಸುಮಾರು 2,270 ಕಿಲೊ. ಅಂದರೆ ತುಂಬಿದಾಗಿನ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಹೊರೆಯೇ. ಖಾಲಿ ಚಕ್ಕಡಿಯನ್ನೂ ಚೀಲ ಹೇರಿದ ಚಕ್ಕಡಿಯನ್ನೂ ದಿಬ್ಬ ಹತ್ತಿಸಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಆದರೆ ವಿಮಾನದ ಲೆಕ್ಕ ಚಕ್ಕಡಿಗಿಂತ ಕಠಿಣ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಭಾರ ಒಂದೂವರೆ ಪಟ್ಟಾದರೆ ಏಳಲು ಬೇಕಾದ ವೇಗ ಶೇ 22ರಷ್ಟು ಹೆಚ್ಚುತ್ತದೆ. ಅಷ್ಟು ವೇಗ ಗಳಿಸಲು ಓಡಬೇಕಾದ ದೂರ ಶೇ 22ರಷ್ಟು ಮಾತ್ರ ಹೆಚ್ಚುವುದಿಲ್ಲ. ಭಾರದ ವಿಮಾನ ವೇಗ ಪಡೆಯುವುದೂ ನಿಧಾನ. ಎರಡೂ ಸೇರಿ ದೂರ ಸುಮಾರು ಎರಡೂಕಾಲು ಪಟ್ಟಾಗುತ್ತದೆ. ಖಾಲಿಯಾಗಿ 200 ಮೀಟರ್‌ನಲ್ಲಿ ಎದ್ದ ವಿಮಾನ ಹೊರೆ ಹೊತ್ತಾಗ 450 ಮೀಟರ್ ಕೇಳುತ್ತದೆ. 'ಇನ್ನು ಐವತ್ತು ಲೀಟರ್ ಹಾಕಿದರೆ ಏನಾಗುತ್ತದೆ?' ಎಂಬ ಪ್ರಶ್ನೆಗೆ ಉತ್ತರ ಗೊತ್ತಾಗುವುದು ಪಟ್ಟಿಯ ಕೊನೆಯಲ್ಲಿ ಗಿಡಗಳು ಎದುರಾದಾಗ.

ಇಲ್ಲಿ ಇನ್ನೊಂದು ಮೋಸವಿದೆ. ನೆಲಕ್ಕೆ ತೀರಾ ಹತ್ತಿರ ಇರುವಾಗ ರೆಕ್ಕೆಯಡಿಯ ಗಾಳಿ ನೆಲಕ್ಕೆ ತಾಗಿ ಯಂತ್ರಕ್ಕೆ ಸ್ವಲ್ಪ ಆಸರೆ ಕೊಡುತ್ತದೆ. ಅತಿಭಾರದ ವಿಮಾನವೂ ಈ ಆಸರೆಯಲ್ಲಿ ಏಳೆಂಟು ಅಡಿ ಏಳಬಲ್ಲದು. ಪೈಲಟ್ 'ಎದ್ದಿತು' ಅಂದುಕೊಳ್ಳುತ್ತಾನೆ. ಮೇಲೆ ಹೋದಂತೆ ಆಸರೆ ತಪ್ಪುತ್ತದೆ, ವಿಮಾನ ಕುಸಿಯತೊಡಗುತ್ತದೆ. ಆಗ ಮನಸ್ಸು ಹೇಳುವುದು ಮೂತಿ ಮೇಲೆತ್ತು ಎಂದು. ಆದರೆ ಮೂತಿ ಮಿತಿ ಮೀರಿ ಎತ್ತಿದರೆ ರೆಕ್ಕೆಯ ಮೇಲೆ ನಯವಾಗಿ ಹರಿಯುತ್ತಿದ್ದ ಗಾಳಿ ಹರಿದುಹೋಗಿ ಎತ್ತುವ ಬಲವೇ ಕುಗ್ಗುತ್ತದೆ. ಇದನ್ನು ಪೈಲಟ್‌ಗಳು 'ಸ್ಟಾಲ್' ಎನ್ನುತ್ತಾರೆ. ಎಂಜಿನ್ ಸರಿಯಾಗಿ ಗುಡುಗುತ್ತಿದ್ದರೂ ವಿಮಾನ ಬೀಳುವುದು ಹೀಗೆ.

ಇದಕ್ಕೆಂದೇ ಕೃಷಿ ವಿಮಾನಗಳಲ್ಲಿ ಒಂದು ಸನ್ನೆ ಇರುತ್ತದೆ. ಅದನ್ನು ಎಳೆದರೆ ತೊಟ್ಟಿಯ ತಳ ತೆರೆದು ಹೊರೆ ಸುರಿದುಹೋಗುತ್ತದೆ. ಅಮೆರಿಕದಲ್ಲಿ ಜನವಸತಿಯ ಮೇಲೆ ಹಾರುವ ಕೃಷಿ ವಿಮಾನ ತನ್ನ ಗರಿಷ್ಠ ಹೊರೆಯ ಅರ್ಧವನ್ನಾದರೂ 45 ಸೆಕೆಂಡಿನಲ್ಲಿ ಚೆಲ್ಲುವಂತಿರಬೇಕು ಎಂಬ ನಿಯಮವಿದೆ. ಸಾಮಾನ್ಯ ಕೃಷಿ ಡ್ರೋನ್‌ಗಳಲ್ಲಿ ಹೀಗೆ ಒಮ್ಮೆಲೇ ಸುರಿಯುವ ಬಾಗಿಲು ಇರುವುದಿಲ್ಲ. ಹೊತ್ತುಕೊಂಡ ಹೊರೆಯ ಜೊತೆಗೇ ಅದು ಏಳಬೇಕು, ಇಲ್ಲವೇ ಬೀಳಬೇಕು.

ಬಿಸಿಲಲ್ಲಿ ಸಲೀಸಾಗಿ ಏಳುತ್ತದೆಯೇ?

ಬಿಸಿಗಾಳಿ ಮೇಲೇರುತ್ತದೆ ಎಂಬುದು ನಿಜ. ಬಿಸಿಗಾಳಿಯ ಬಲೂನು ಏಳುವುದೂ ಅದರಿಂದಲೇ. ಬಲೂನಿನ ಒಳಗಿನ ಗಾಳಿ ಹೊರಗಿನದಕ್ಕಿಂತ ಹಗುರ. ಆದರೆ ವಿಮಾನ, ಡ್ರೋನ್‌ಗಳು ಬಲೂನುಗಳಲ್ಲ. ಅವು ಗಾಳಿಯನ್ನು ಕೆಳಗೆ ತಳ್ಳಿ, ಆ ತಳ್ಳುವಿಕೆಯ ಪ್ರತಿಬಲದಿಂದ ಮೇಲೆ ನಿಲ್ಲುತ್ತವೆ. ಗಾಳಿ ಹಗುರವಾದಷ್ಟೂ ತಳ್ಳಲು ಸಿಗುವುದು ಕಡಿಮೆ. ಗಟ್ಟಿ ನೆಲದಲ್ಲಿ ಓಡುವುದಕ್ಕೂ ಮರಳಲ್ಲಿ ಓಡುವುದಕ್ಕೂ ಇರುವ ವ್ಯತ್ಯಾಸದಂತೆ ಇದು.

ಗದಗದ ಲೆಕ್ಕವನ್ನೇ ಮಾಡೋಣ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಉಷ್ಣಾಂಶದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.225 ಕಿಲೊ. ವಿಮಾನಗಳ ಲೆಕ್ಕಾಚಾರಕ್ಕೆ ಇದೇ ಅಳತೆಗೋಲು. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಔಷಧಿ ಹೊಡೆಯುವ ದಿನಗಳಲ್ಲಿ ಒಂದು ಮಧ್ಯಾಹ್ನ 32 ಡಿಗ್ರಿ ಇದ್ದರೆ ಇಲ್ಲಿನ ಒಂದು ಘನ ಮೀಟರ್ ಗಾಳಿ ಸುಮಾರು 1.07 ಕಿಲೊ ತೂಗುತ್ತದೆ. ಅಂದರೆ ಶೇ 12ಕ್ಕಿಂತ ಹೆಚ್ಚು ತೆಳು.

ಪೈಲಟ್‌ಗಳು ಇದನ್ನು 'ಸಾಂದ್ರತಾ ಎತ್ತರ' ಎಂದು ಲೆಕ್ಕ ಹಾಕುತ್ತಾರೆ. ಆ ಮಧ್ಯಾಹ್ನ ಗದಗದ ಹೊಲದಲ್ಲಿ ನಿಂತ ವಿಮಾನ ತಾನು ಸುಮಾರು 1,425 ಮೀಟರ್ ಎತ್ತರದಲ್ಲಿ ಇರುವಂತೆ ವರ್ತಿಸುತ್ತದೆ. ನಂದಿಬೆಟ್ಟದ ಎತ್ತರ 1,478 ಮೀಟರ್. ನೀವು ನಿಂತಿರುವುದು ಬಯಲು ಹೊಲದಲ್ಲಿ, ಆದರೆ ಯಂತ್ರದ ಪಾಲಿಗೆ ಅದು ಹೆಚ್ಚು ಕಡಿಮೆ ನಂದಿಬೆಟ್ಟದ ನೆತ್ತಿ. ಬೇಸಿಗೆಯಲ್ಲಿ 38 ಡಿಗ್ರಿ ಮುಟ್ಟಿದರೆ ಈ ಲೆಕ್ಕ 1,650 ಮೀಟರ್ ಸಮೀಪಿಸುತ್ತದೆ.

ತೆಳು ಗಾಳಿಯ ಪೆಟ್ಟು ಒಂದೇ ಕಡೆ ಬೀಳುವುದಿಲ್ಲ. ರೆಕ್ಕೆಗೆ ಸಿಗುವ ಎತ್ತುವ ಬಲ ಕಡಿಮೆ. ಪ್ರೊಪೆಲ್ಲರ್ ತಳ್ಳುವ ಬಲ ಕಡಿಮೆ. ಬಸಂತ್‌ನಂಥ ಪೆಟ್ರೋಲ್ ಎಂಜಿನ್‌ಗೆ ಉಸಿರಾಡಲು ಸಿಗುವ ಗಾಳಿಯೂ ಕಡಿಮೆ, ಹಾಗಾಗಿ ಅದರ ಶಕ್ತಿಯೂ ಇಳಿಯುತ್ತದೆ. ಡ್ರೋನ್‌ನ ಮೋಟಾರು ಬ್ಯಾಟರಿಯಿಂದ ನಡೆಯುವುದರಿಂದ ಉಸಿರಿನ ಸಮಸ್ಯೆ ಇಲ್ಲ. ಆದರೆ ಅಷ್ಟೇ ಭಾರ ಎತ್ತಲು ಅದು ಹೆಚ್ಚು ಜೋರಾಗಿ ತಿರುಗಬೇಕು. ಆಗ ಮೋಟಾರು, ಬ್ಯಾಟರಿ ಎರಡೂ ಬೇಗ ಕಾಯುತ್ತವೆ.

ತೇವ ಇರುವ ಗಾಳಿ ಭಾರ ಎಂದೂ ಹಲವರು ಅಂದುಕೊಂಡಿದ್ದಾರೆ. ವಾಸ್ತವದಲ್ಲಿ ನೀರಾವಿ ಒಣಗಾಳಿಗಿಂತ ಹಗುರ. ಮಳೆಗಾಲದ ಸೆಕೆ ಯಂತ್ರಕ್ಕೆ ಅಲ್ಪಸ್ವಲ್ಪ ತೊಡಕನ್ನೇ ಮಾಡುತ್ತದೆ.

ಗಾಳಿ ಎತ್ತ ಕಡೆಗೆ?

ಕಣದಲ್ಲಿ ರಾಶಿ ತೂರಿದವರಿಗೆ ಗಾಳಿಯ ದಿಕ್ಕು ನೋಡದೆ ಕೆಲಸ ಶುರು ಮಾಡಬಾರದು ಎಂಬುದು ಗೊತ್ತು. ವಿಮಾನಕ್ಕೂ ಅದೇ ಮಾತು. ಎದುರುಗಾಳಿ ಇದ್ದರೆ ರೆಕ್ಕೆಗೆ ಪುಕ್ಕಟೆ ವೇಗ ಸಿಕ್ಕಂತೆ. ಹಿಂಗಾಳಿ ಇದ್ದರೆ ಆ ಸಾಲವನ್ನು ಓಡಿಯೇ ತೀರಿಸಬೇಕು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಏಳುವ ವಿಮಾನಕ್ಕೆ 10 ಕಿಲೋಮೀಟರ್ ಹಿಂಗಾಳಿ ಬೀಸುತ್ತಿದ್ದರೆ ನೆಲದ ಮೇಲೆ 110 ಕಿಲೋಮೀಟರ್ ವೇಗ ಮುಟ್ಟಬೇಕು. ಅದಕ್ಕೆ ಶೇ 21ರಷ್ಟು ಹೆಚ್ಚು ದೂರ ಬೇಕು. ಒಂದೇ ಕಡೆಯಿಂದ ಏಳಬಹುದಾದ ಇಕ್ಕಟ್ಟಿನ ಪಟ್ಟಿಗಳಲ್ಲಿ, ಬೆಳಿಗ್ಗೆ ಸರಿ ಇದ್ದ ಗಾಳಿ ಮಧ್ಯಾಹ್ನ ದಿಕ್ಕು ಬದಲಿಸಿದ್ದನ್ನು ಗಮನಿಸದೆ ಹೋದರೆ ಇದೊಂದೇ ಸಾಕು.

ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡಿದವರಿಗೆ ಈ ಭಾಗದಲ್ಲಿ ಗಾಳಿಗೆ ಬರವಿಲ್ಲ ಎಂದು ತಿಳಿದೇ ಇದೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಜೋರು. ಗುಡ್ಡ ದಾಟಿ ಬಂದ ಗಾಳಿ ಮತ್ತೊಂದು ಬದಿಯಲ್ಲಿ ಸುಳಿಸುಳಿಯಾಗಿ ಇಳಿಯುತ್ತದೆ. ಬಿಸಿಲೇರಿದಾಗ ಉತ್ತ ಹೊಲದಿಂದ ಬಿಸಿಗಾಳಿಯ ಗುಳ್ಳೆಗಳು ಏಳುತ್ತವೆ. ಅವು ಯಂತ್ರವನ್ನು ಒಮ್ಮೆ ಎತ್ತುತ್ತವೆ, ಪಕ್ಕದಲ್ಲೇ ಒಮ್ಮೆ ಕೆಡವುತ್ತವೆ. ಪೂರ್ತಿ ತುಂಬಿದ ಡ್ರೋನ್ ಏಳುವಾಗ ಒಂದು ಬದಿಯಿಂದ ಇಂಥ ಹೊಡೆತ ಬಿದ್ದರೆ ಅದನ್ನು ಸರಿಪಡಿಸಿಕೊಳ್ಳಲು ಮೋಟಾರುಗಳಲ್ಲಿ ಹೆಚ್ಚುವರಿ ಬಲ ಉಳಿದಿರಬೇಕು.

ಡ್ರೋನ್ ಎಲ್ಲವನ್ನೂ ಸಂಭಾಳಿಸುತ್ತದೆಯೇ?

ಡ್ರೋನ್‌ಗೆ ಓಡುವ ಪಟ್ಟಿ ಬೇಕಿಲ್ಲ, ನಿಂತಲ್ಲಿಂದಲೇ ಏಳುತ್ತದೆ. ಒಳಗೆ ಮನುಷ್ಯನೂ ಇಲ್ಲ. ಪೈಲಟ್‌ನ ಪ್ರಾಣದ ದೃಷ್ಟಿಯಿಂದ ಇದು ದೊಡ್ಡ ಲಾಭ. ಆದರೆ ಭೌತಶಾಸ್ತ್ರಕ್ಕೆ ವಿನಾಯಿತಿ ಇಲ್ಲ.

ಖಾಲಿ ಇದ್ದಾಗ 15 ಕಿಲೊ, ತುಂಬಿದಾಗ 25 ಕಿಲೊ ತೂಗುವ ಡ್ರೋನ್ ತೆಗೆದುಕೊಳ್ಳಿ. ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಭಾರಕ್ಕಿಂತ ವೇಗವಾಗಿ ಏರುತ್ತದೆ. ಭಾರ ಒಂದೂಮುಕ್ಕಾಲು ಪಟ್ಟು ಕೂಡ ಆಗಿಲ್ಲ, ಬೇಕಾದ ಶಕ್ತಿ ಮಾತ್ರ ಎರಡು ಪಟ್ಟು ಮೀರುತ್ತದೆ. ಹಳೆಯ ಬ್ಯಾಟರಿ ಸುಮ್ಮನಿದ್ದಾಗ 'ಪೂರ್ತಿ ಚಾರ್ಜ್' ಎಂದೇ ತೋರಿಸುತ್ತದೆ. ಏಳುವಾಗ ಒಮ್ಮೆಲೇ ಇಷ್ಟು ಶಕ್ತಿ ಕೇಳಿದರೆ ಅದರ ವೋಲ್ಟೇಜ್ ಕುಸಿಯುತ್ತದೆ. ನಾಲ್ಕು ಮೋಟಾರಿನ ಡ್ರೋನ್‌ನಲ್ಲಿ ಒಂದು ನಿಂತರೂ ಸಾಮಾನ್ಯವಾಗಿ ಅದು ಬಿದ್ದಂತೆಯೇ. ಆರು ಮೋಟಾರಿನದು ಹಗುರ ಇದ್ದಾಗ ಬಚಾವಾಗಬಹುದು, ತೊಟ್ಟಿ ತುಂಬಿದ್ದಾಗ ಆ ಅವಕಾಶ ತೀರಾ ಕಡಿಮೆ.

ಇನ್ನು ನೆಲದ ಪಾತ್ರ. ಈ ಭಾಗದ ಎರೆ ಮಣ್ಣು ಮಳೆ ಬಿದ್ದರೆ ಚಪ್ಪಲಿಯನ್ನೇ ಬಿಡುವುದಿಲ್ಲ. ಡ್ರೋನ್‌ನ ಒಂದು ಕಾಲು ಹಸಿ ಎರೆಯಲ್ಲಿ ಅಥವಾ ಬಳ್ಳಿಯಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆ? ಉಳಿದ ಭಾಗ ಮೇಲೆದ್ದು, ಸಿಕ್ಕ ಕಾಲಿನ ಸುತ್ತ ಯಂತ್ರ ಮಗುಚುತ್ತದೆ. ಕಂಪ್ಯೂಟರ್ ಅದನ್ನು ನೇರ ಮಾಡಲು ಇನ್ನಷ್ಟು ಬಲ ಹಾಕುತ್ತದೆ, ಆ ಬಲವೇ ಕೆಲವೊಮ್ಮೆ ಬೇಗ ಮಗುಚಿಸುತ್ತದೆ. ಶಿರಹಟ್ಟಿ ಕಡೆಯ ಮಸಾರಿ ನೆಲದಲ್ಲಿ ತೊಂದರೆ ಬೇರೆ. ಪ್ರೊಪೆಲ್ಲರ್ ಗಾಳಿಗೆ ದೂಳು, ಸಣ್ಣ ಹರಳು ಎದ್ದು ಮೋಟಾರಿಗೂ ನೋಡುವವರ ಕಣ್ಣಿಗೂ ಹೊಡೆಯುತ್ತವೆ.

ದಿಕ್ಕು ತಿಳಿಯಲು ಡ್ರೋನ್ ಭೂಮಿಯ ಕಾಂತಕ್ಷೇತ್ರವನ್ನು ಓದುತ್ತದೆ. ಟ್ರ್ಯಾಕ್ಟರ್ ಟ್ರೇಲರ್, ತಗಡಿನ ಶೀಟು, ಕೊಳವೆಬಾವಿಯ ಕೇಸಿಂಗ್ ಪೈಪು, ಕಬ್ಬಿಣ ಕಟ್ಟಿದ ಕಾಂಕ್ರೀಟ್ ಮೇಲಿಂದ ಏಳಿಸಿದರೆ ಆ ಓದು ತಪ್ಪಬಹುದು. ಎದ್ದ ಕೂಡಲೇ ಸುತ್ತು ಹೊಡೆದು ಎತ್ತಲೋ ನುಗ್ಗುವ ಡ್ರೋನ್‌ಗಳ ಹಿಂದೆ ಹಲವು ಸಲ ಇರುವುದು ಇದೇ. ಮಡಚುವ ತೋಳುಗಳ ಬಿಗಿಹಿಡಿಕೆ ಸರಿಯಾಗಿ ಕೂರದೆ ಇದ್ದರೆ ಅದೂ ಪೂರ್ತಿ ಬಲ ಬಿದ್ದ ಏಳುವ ಹೊತ್ತಿನಲ್ಲೇ ಕೈಕೊಡುತ್ತದೆ. ಕಂಪ್ಯೂಟರ್ ತನಗೆ ಸಿಕ್ಕ ಮಾಹಿತಿಯನ್ನು ನಂಬುತ್ತದೆ. ಮಾಹಿತಿ ತಪ್ಪಿದ್ದರೆ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ.

ಬಿದ್ದರೆ ಪೆಟ್ಟು ಯಾರಿಗೆ?

'ಸಣ್ಣ ಡ್ರೋನ್, ಬಿದ್ದರೆ ರಿಪೇರಿ ಖರ್ಚು ಅಷ್ಟೇ' ಎನ್ನುವವರಿದ್ದಾರೆ. 25 ಕಿಲೊ ಭಾರ, ವೇಗವಾಗಿ ತಿರುಗುವ ಬ್ಲೇಡುಗಳು, ಒಡೆದರೆ ಹೊತ್ತಿಕೊಳ್ಳಬಹುದಾದ ಲಿಥಿಯಂ ಬ್ಯಾಟರಿ, ಇಷ್ಟು ಮೊದಲನೆಯ ಅಪಾಯ. ಎರಡನೆಯದು ತೊಟ್ಟಿಯೊಳಗಿನದು. ಕೈಪಂಪಿನಲ್ಲಿ ಎಕರೆಗೆ 200 ಲೀಟರ್ ನೀರಿನಲ್ಲಿ ಕಲಸುವಷ್ಟೇ ಔಷಧಿಯನ್ನು ಡ್ರೋನ್‌ನಲ್ಲಿ 10 ಲೀಟರ್ ನೀರಿಗೆ ಬೆರೆಸಿದರೆ ದ್ರಾವಣ 20 ಪಟ್ಟು ಗಾಢ. ಮಗುಚಿದ ಡ್ರೋನ್‌ನಿಂದ ಚೆಲ್ಲುವುದು ಮಾಮೂಲಿ ಪಂಪಿನ ನೀರಲ್ಲ. ಅದು ಕೃಷಿ ಹೊಂಡದ ಪಕ್ಕ ಚೆಲ್ಲಿದರೆ ದನ ಕುಡಿಯುವ ನೀರಿಗೆ ಸೇರುತ್ತದೆ.

ಮೇಲಿನಿಂದ ಸುರಿಯುವ ವಿಷದ ವಿಚಾರದಲ್ಲಿ ಅಸಡ್ಡೆ ಏನು ಮಾಡುತ್ತದೆ ಎಂಬುದನ್ನು ಗಡಿನಾಡ ಕನ್ನಡಿಗರು ಕಂಡಿದ್ದಾರೆ. ಕಾಸರಗೋಡಿನ ಎಣ್ಮಕಜೆಯ ಪಡ್ರೆ ಸುತ್ತಮುತ್ತ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಭಾಗಕ್ಕೂ ಆ ಪಾಡು ತಪ್ಪಲಿಲ್ಲ. ವೈದ್ಯ ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆ ಅವರು ಇದನ್ನು ಹೊರಜಗತ್ತಿಗೆ ತಿಳಿಸಲು ವರ್ಷಗಟ್ಟಲೆ ದುಡಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. ಅಲ್ಲಿ ಹೆಲಿಕಾಪ್ಟರ್ ಬೀಳಬೇಕಾಗಿಯೇ ಇರಲಿಲ್ಲ, ಸರಿಯಾಗಿ ಹಾರುತ್ತಲೇ ಅಷ್ಟು ಹಾನಿಯಾಯಿತು.

ವಿಚಿತ್ರವೆಂದರೆ ಆಗಲೂ ನಿಯಮಗಳಿದ್ದವು. 1971ರ ಕೀಟನಾಶಕ ನಿಯಮಗಳ ಪ್ರಕಾರ ವೈಮಾನಿಕ ಸಿಂಪಡಣೆಗೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜಾಗವನ್ನು ಗುರುತು ಮಾಡಬೇಕು, ಸಂಬಂಧವಿಲ್ಲದ ಜನ, ದನಗಳು ನಿಗದಿತ ಕಾಲ ಒಳಗೆ ಬಾರದಂತೆ ತಡೆಯಬೇಕು, ತೊಳೆದುಕೊಳ್ಳುವ ಹಾಗೂ ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕು, ಪೈಲಟ್‌ಗೆ ಔಷಧಿಯ ದುಷ್ಪರಿಣಾಮಗಳ ಬಗ್ಗೆಯೂ ತರಬೇತಿ ಇರಬೇಕು.

ಹೊಲದಲ್ಲಿ ಏನು ಮಾಡಬೇಕು?

ಹೊತ್ತು: ಇಬ್ಬನಿ ಆರಿದ ಬೆಳಗಿನ ಹೊತ್ತು ಮತ್ತು ಬಿಸಿಲು ತಗ್ಗಿದ ಸಂಜೆ ಒಳ್ಳೆಯದು. 20 ಡಿಗ್ರಿಯ ಬೆಳಗಿನ ಗಾಳಿ 32 ಡಿಗ್ರಿಯ ಮಧ್ಯಾಹ್ನಕ್ಕಿಂತ ಶೇ 4ರಷ್ಟು ದಟ್ಟ. ಆದರೆ ಎಲೆಯೂ ಅಲುಗದ ಮುಂಜಾನೆ ಬೇಡ. ಆಗ ನೆಲದ ಹತ್ತಿರ ತಣ್ಣನೆಯ ಗಾಳಿ ಕಟ್ಟಿಕೊಂಡಿರುತ್ತದೆ, ಸಣ್ಣ ಹನಿಗಳು ಕೆಳಗಿಳಿಯದೆ ತೇಲಿ ಊರಿನತ್ತ ಹೋಗಬಹುದು.

ಜಾಗ: ಒಣಗಿದ, ಸಮತಟ್ಟಾದ, ಕಬ್ಬಿಣವಿಲ್ಲದ ನೆಲ. ಕೆಳಗೆ ದಪ್ಪ ತಾಡಪತ್ರಿ ಹಾಸಿ ನಾಲ್ಕೂ ಮೂಲೆ ಬಿಗಿಯಾಗಿ ಗೂಟ ಹೊಡೆಯಿರಿ, ಇಲ್ಲವಾದರೆ ಅದೇ ಹಾರಿ ಬ್ಲೇಡಿಗೆ ಸಿಗುತ್ತದೆ. ತಂತಿ, ಬಾವಿ, ಹೊಂಡ, ದನದ ಕೊಟ್ಟಿಗೆಯಿಂದ ದೂರ ಇರಲಿ.

ಹೊರೆ: ಸೆಕೆ ಹೆಚ್ಚಿದ್ದರೆ, ಗಾಳಿ ಎದ್ದಿದ್ದರೆ ತೊಟ್ಟಿಯನ್ನು ಪೂರ್ತಿ ತುಂಬಬೇಡಿ. ಬ್ಯಾಟರಿ ಹಳೆಯದಾಗಿದ್ದರೆ ಹೊರೆ ಇಳಿಸುವುದಕ್ಕಿಂತ ಬ್ಯಾಟರಿಯನ್ನೇ ಬದಲಿಸಿ. ಎರಡು ಲೀಟರ್ ಕಡಿಮೆ ಎಂದರೆ ಎಂಟು ಲೀಟರಿನ ಹೊಲಕ್ಕೆ ತಕ್ಕಷ್ಟೇ ಔಷಧಿ ಕಲಸುವುದು. ಅದೇ ಔಷಧಿಯನ್ನು ಕಡಿಮೆ ನೀರಿಗೆ ಹಾಕುವುದಲ್ಲ.

ಪರೀಕ್ಷೆ: ಎದ್ದ ಮೇಲೆ ಆಳೆತ್ತರ ದಾಟಿಸಿ ಕೆಲವು ಸೆಕೆಂಡ್ ನಿಲ್ಲಿಸಿ. ನೆಲದ ಆಸರೆ ತಪ್ಪಿದ ಮೇಲೂ ಅಲುಗಾಡದೆ ನಿಂತರೆ ಮಾತ್ರ ಹೊಲಕ್ಕೆ ಕಳಿಸಿ. ವಾಲಿದರೆ, ತಿರುಗಿದರೆ, ಮೋಟಾರಿನ ದನಿ ಬದಲಾದರೆ ಇಳಿಸಿ.

ಅಂತರ: ತಯಾರಕರ ಕೈಪಿಡಿ ಹೇಳಿದ ದೂರಕ್ಕಿಂತ ಹತ್ತಿರ ಯಾರೂ ನಿಲ್ಲಬಾರದು. ಗಾಳಿ ಹೋಗುವ ಕಡೆಯಂತೂ ಬೇಡವೇ ಬೇಡ. ಮೊಬೈಲಿನಲ್ಲಿ ವಿಡಿಯೊ ಮಾಡುವವರಿಗೂ ಇದೇ ನಿಯಮ. ಬ್ಲೇಡು ನಿಂತ ಮೇಲೆಯೇ ಹತ್ತಿರ ಹೋಗಿ.

ಬಿದ್ದರೆ: ಓಡಿಹೋಗಿ ಎತ್ತಬೇಡಿ. ಬ್ಯಾಟರಿ ಹೊಗೆಯಾಡುತ್ತಿದ್ದರೆ ದೂರ ಸರಿಯಿರಿ, ಸುತ್ತ ಹಬ್ಬುವ ಬೆಂಕಿಗೆ ಮಣ್ಣು ಹಾಕಿ. ಚೆಲ್ಲಿದ ಜಾಗಕ್ಕೆ ಒಣಮಣ್ಣು ಸುರಿದು ದನ, ಮಕ್ಕಳನ್ನು ತಡೆಯಿರಿ. ಮೈಗೆ ಬಿದ್ದರೆ ಬಟ್ಟೆ ಕಳಚಿ ಸೋಪು, ಧಾರಾಳ ನೀರಿನಿಂದ ತೊಳೆದುಕೊಳ್ಳಿ. ತಲೆಸುತ್ತು, ವಾಂತಿ, ಬೆವರು, ಉಸಿರಾಟದ ತೊಂದರೆ ಕಂಡರೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಔಷಧಿಯ ಡಬ್ಬಿ ಅಥವಾ ಲೇಬಲ್ ಜೊತೆಗಿರಲಿ. ಯಾವ ವಿಷ ಎಂದು ತಿಳಿದರೆ ವೈದ್ಯರಿಗೆ ಚಿಕಿತ್ಸೆ ಆರಿಸುವುದು ಸುಲಭ.

ಡ್ರೋನ್ ಕರೆಸುವ ರೈತರು ಕೇಳಬೇಕಾದ ಎರಡು ಪ್ರಶ್ನೆಗಳಿವೆ. ನಡೆಸುವವರ ಬಳಿ ರಿಮೋಟ್ ಪೈಲಟ್ ಪ್ರಮಾಣಪತ್ರ ಇದೆಯೇ? ಬೇರೆಯವರಿಗೆ ಹಾನಿಯಾದರೆ ಭರಿಸುವ ಥರ್ಡ್ ಪಾರ್ಟಿ ವಿಮೆ ಇದೆಯೇ? ಕೃಷಿಗೆ ಬಳಸುವ ಈ ಗಾತ್ರದ ಡ್ರೋನ್‌ಗಳಿಗೆ 2021ರ ನಿಯಮಗಳು ಎರಡನ್ನೂ ಕೇಳುತ್ತವೆ. ಅಪಘಾತವಾದರೆ 48 ಗಂಟೆಯೊಳಗೆ ಡಿಜಿಟಲ್ ಸ್ಕೈ ವೇದಿಕೆಯಲ್ಲಿ ವರದಿ ಮಾಡುವುದು ಪೈಲಟ್‌ನ ಹೊಣೆ.

ತೊಟ್ಟಿ ಎಷ್ಟು ತುಂಬಬೇಕೆಂದು ಹೇಳುವವರು ಯಾರು?

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2013ರಲ್ಲಿ ನಡೆದ 78 ಕೃಷಿ ವಿಮಾನ ಅಪಘಾತಗಳನ್ನು ಪರಿಶೀಲಿಸಿ ಮುಂದಿನ ವರ್ಷ ವರದಿ ಕೊಟ್ಟಿತು. ಅದು ಎತ್ತಿ ತೋರಿಸಿದ ವಿಷಯಗಳಲ್ಲಿ ಪೈಲಟ್‌ಗಳ ದಣಿವು, ಅಪಾಯವನ್ನು ಮೊದಲೇ ಅಂದಾಜು ಮಾಡುವ ಕ್ರಮ ಇಲ್ಲದಿರುವುದು, ಯಂತ್ರದ ನಿರ್ವಹಣೆಯ ಕೊರತೆ ಸೇರಿವೆ. ಇವು ಮೂರೂ ಮನುಷ್ಯರು ತೀರ್ಮಾನಿಸುವ ಸಂಗತಿಗಳು.

ನಮ್ಮ ಹೊಲಗಳಲ್ಲೂ ಲೆಕ್ಕ ನಡೆಯುವುದು ಎಕರೆಗೆ ಇಷ್ಟು ಎಂದು. ರೈತನಿಗೆ ಹುಳು ಹೆಚ್ಚುವ ಆತಂಕ, ಡ್ರೋನ್ ತಂದವರಿಗೆ ಮುಂದಿನ ಹೊಲದ ಅವಸರ. 'ತುಂಬಾ ಹಾಕವ್ವಾ, ಒಂದೇ ಸಲಕ್ಕೆ ಮುಗಿದು ಹೋಗಲಿ' ಎನ್ನುವ ಮಾತು ಬರುವುದು ಇಲ್ಲಿಂದಲೇ. ಡ್ರೋನ್ ದೀದಿಗಳಿಗೆ ಕೊಡುವ 15 ದಿನಗಳ ತರಬೇತಿಯಲ್ಲಿ 5 ದಿನ ಹಾರಿಸುವುದಕ್ಕೆ, 10 ದಿನ ಕೃಷಿ ಬಳಕೆಗೆ ಮೀಸಲು. ಊರಿನ ಹಿರಿಯರೊಬ್ಬರು ಬದುವಿನ ಮೇಲೆ ನಿಂತು ಅವಸರ ಮಾಡುವಾಗ 'ಈಗ ಬೇಡ್ರಿ, ಬಿಸಿಲು ಇಳೀಲಿ' ಎಂದು ಹೇಳುವ ಧೈರ್ಯ ಆ ತರಬೇತಿಯಿಂದ ಮಾತ್ರ ಬರುವುದಿಲ್ಲ. ಬದುವಿನ ಮೇಲೆ ನಿಂತವರೂ ಆ ಮಾತನ್ನು ಒಪ್ಪಬೇಕು.

ಆದ್ದರಿಂದ ಮುಂದಿನ ಸಲ ನಿಮ್ಮ ಹೊಲಕ್ಕೆ ಡ್ರೋನ್ ಬಂದಾಗ, ಪೈಲಟ್ ತೊಟ್ಟಿಯನ್ನು ಕಡಿಮೆ ತುಂಬಿದರೆ ಅಥವಾ ಮಧ್ಯಾಹ್ನ ಕೆಲಸ ನಿಲ್ಲಿಸಿದರೆ ಅದನ್ನು ಮೈಗಳ್ಳತನ ಎಂದುಕೊಳ್ಳಬೇಡಿ. ಒಂದು ಸಲ ಹೆಚ್ಚು ಏಳಬೇಕಾದರೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.